ತೋಳದ ಹೊಟ್ಟೆಯೊಳಗಿನ ಬಾತುಕೋಳಿ

ಹೋದ ಮೇ ತಿಂಗಳ ಒಂದು ಭಾನುವಾರ. ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ನಾಲ್ಕು ಮಕ್ಕಳಿದ್ದರು. ತಂಗಿಯ ಮಕ್ಕಳು ಇಬ್ಬರು, ಪಕ್ಕದ ಮನೆಯವರು ಇಬ್ಬರು. ಊಟ ಮುಗಿಯುವ ಹೊತ್ತಿಗೆ ಮೋಡ ಕಟ್ಟಿತು, ಗಾಳಿ ಎದ್ದು ಹೊಂಗೆ ಎಲೆಯೆಲ್ಲ ವರಾಂಡಕ್ಕೆ ಬಂದು ಬಿತ್ತು, ಆಮೇಲೆ ದಪ್ಪ ಹನಿಯ ಮಳೆ. ಮಳೆ ಶುರುವಾಗಿ ಐದು ನಿಮಿಷಕ್ಕೆ ಕರೆಂಟ್ ಹೋಯಿತು. ಟಿವಿ ಇಲ್ಲ, ವೈಫೈ ಇಲ್ಲ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಜಗಳ ಶುರು ಮಾಡಿದರು.

ನನ್ನ ಹತ್ತಿರ ಚಾರ್ಜ್ ಇದ್ದ ಒಂದು ಪುಟ್ಟ ಸ್ಪೀಕರ್ ಇತ್ತು. ಫೋನಿನಲ್ಲಿ ಮೊದಲೇ ಇಳಿಸಿಟ್ಟುಕೊಂಡಿದ್ದ ಸಂಗೀತವೂ ಇತ್ತು. ನಿಜ ಹೇಳಬೇಕೆಂದರೆ ಈ ದಿನಕ್ಕಾಗಿ ನಾನು ಆರು ತಿಂಗಳಿಂದ ಕಾಯುತ್ತಿದ್ದೆ.

ಯಾಕೆಂದರೆ ದಸರಾ ರಜದಲ್ಲಿ ಒಂದು ಸಲ ಪ್ರಯತ್ನ ಮಾಡಿ ಸೋತಿದ್ದೆ. ಆಗ ರಷ್ಯಾದ ಸಂಗೀತಗಾರ ಚೈಕಾವ್‌ಸ್ಕಿಯ ಹಂಸಸರೋವರ ಅನ್ನೋ ನೃತ್ಯನಾಟಕದ ಕತೆಯನ್ನು ಇಪ್ಪತ್ತು ನಿಮಿಷ ಕೂತು ಪೂರ್ತಿ ಹೇಳಿದ್ದೆ. ಮಾಂತ್ರಿಕ, ಹಂಸವಾದ ರಾಜಕುಮಾರಿ, ಮೋಸಹೋದ ರಾಜಕುಮಾರ, ಒಂದೂ ಬಿಡಲಿಲ್ಲ. ಕತೆ ಮುಗಿದ ಮೇಲೆ ಸಂಗೀತ ಹಾಕಿದರೆ ಮಕ್ಕಳಿಗೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಎದ್ದು ಆಟಕ್ಕೆ ಓಡಿದರು. ತಪ್ಪು ಮಕ್ಕಳದ್ದಲ್ಲ. ಕತೆ ಸಂಗೀತದ ಒಳಗೆ ಇತ್ತು, ನಾನು ಅದನ್ನು ಹೊರಗೆ ತೆಗೆದು ಖಾಲಿ ಡಬ್ಬ ಕೊಟ್ಟಿದ್ದೆ.

ಇದು ನನಗೆ ಯಾಕಿಷ್ಟು ಮುಖ್ಯ ಅಂತ ಹೇಳಿಬಿಡುತ್ತೇನೆ. ನಾನು ಏಳನೇ ವಯಸ್ಸಿಗೆ ಸಂಗೀತಕ್ಕೆ ಸೇರಿದವಳು. ಒಂದು ವರ್ಷ ಪೂರ್ತಿ ಸರಳೆ, ಜಂಟಿ ವರಿಸೆ ಅನ್ನೋ ಸ್ವರಾಭ್ಯಾಸ. ಆಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆ, ಗಣಪತಿಯ ಮೇಲಿನದು. 'ಲಂಬೋದರ' ಅಂತ ನೂರು ಸಲ ಹಾಡಿದ್ದೇನೆ, ಆ ಹೊಟ್ಟೆ ಯಾಕೆ ಹಾಗಿದೆ, ಅದಕ್ಕೆ ಹಾವು ಸುತ್ತಿದ್ದು ಯಾಕೆ ಅಂತ ಕ್ಲಾಸಿನಲ್ಲಿ ಯಾರೂ ಒಂದು ಮಾತು ಹೇಳಲಿಲ್ಲ. ತಾಳ ತಪ್ಪಿದರೆ ತೊಡೆಗೆ ಏಟು ಮಾತ್ರ ಬೀಳುತ್ತಿತ್ತು. ಮೂರನೇ ವರ್ಷಕ್ಕೆ ಬಿಟ್ಟೆ. ಆ ನೋವು ಇವತ್ತಿಗೂ ಹೋಗಿಲ್ಲ. ನಮ್ಮ ಮಕ್ಕಳಿಗೆ ಹಾಗಾಗಬಾರದು ಅಂತ ಆಸೆ.

ಈ ಸಲ ಕತೆ ಹೇಳಲಿಲ್ಲ. "ಒಬ್ಬೊಬ್ಬರಾಗಿ ಬರುತ್ತಾರೆ, ಯಾರು ಅಂತ ನೀವೇ ಹೇಳಿ" ಅಂದೆ ಅಷ್ಟೆ. ಹಾಕಿದ್ದು ರಷ್ಯಾದ ಸಂಗೀತಗಾರ ಪ್ರೊಕೋಫಿಯೆವ್ 1936ರಲ್ಲಿ ಮಾಸ್ಕೋದ ಮಕ್ಕಳ ರಂಗಮಂದಿರಕ್ಕಾಗಿ ಬರೆದ 'ಪೀಟರ್ ಮತ್ತು ತೋಳ'. ಇದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಾದ್ಯ. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಸಿಡುಕಿನ ತಾತನಿಗೆ ಬಸೂನ್. ಪೀಟರ್ ಅನ್ನೋ ಹುಡುಗನಿಗೆ ಪಿಟೀಲು ಮತ್ತು ಅದರ ಅಕ್ಕತಂಗಿಯರು. ತೋಳಕ್ಕೆ ಹಾರ್ನ್ ಅನ್ನೋ ಕಹಳೆ, ಮೂರು ಒಟ್ಟಿಗೆ. ಮೂಲದಲ್ಲಿ ಕತೆ ಹೇಳುವ ದನಿಯೊಂದು ಇರುತ್ತದೆ, ನನ್ನ ಹತ್ತಿರ ಇದ್ದದ್ದು ಇಂಗ್ಲಿಷಿನದು. ಅದನ್ನು ಹಾರಿಸಿ, ಬೇಕಾದ ಕಡೆ ನಿಲ್ಲಿಸಿ, ಕನ್ನಡದಲ್ಲಿ ಎರಡೆರಡೇ ಮಾತು ನಾನು ಹೇಳುತ್ತಾ ಹೋದೆ.

ಕೊಳಲು ಬಂದ ತಕ್ಷಣ ನಾಲ್ವರೂ "ಹಕ್ಕಿ!" ಅಂದರು. ಅದು ಸುಲಭ. ಓಬೋ ಬಂದಾಗ ಒಂದು ಕ್ಷಣ ಸುಮ್ಮನಾದರು. ತಂಗಿಯ ದೊಡ್ಡ ಮಗ, ಒಂಬತ್ತು ವರ್ಷದವನು, ತಲೆ ಓರೆ ಮಾಡಿಕೊಂಡು ಕೇಳಿ ಹೇಳಿದ: "ದೊಡ್ಡಮ್ಮ, ಇದು ಓಲಗದ ಥರ ಇದೆ. ಆದ್ರೆ ಓಲಗಕ್ಕೆ ನೆಗಡಿ ಆಗಿದೆ."

ನನಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಯಾಕೆಂದರೆ ಅವನು ಹೇಳಿದ್ದು ಸರಿಯಾಗಿಯೇ ಇದೆ. ನಾಗಸ್ವರಕ್ಕೂ ಓಬೋಗೂ ಬಾಯಲ್ಲಿ ಇಟ್ಟುಕೊಳ್ಳುವ ಪೀಪಿಗೆ ಎರಡು ಎಸಳು. ಆ ಎರಡು ಎಸಳು ಒಂದಕ್ಕೊಂದು ಬಡಿದು ಅದುರುವುದರಿಂದಲೇ ಆ ಮೂಗಿನ ದನಿ. ಮದುವೆ ಮನೆಯಲ್ಲಿ ಕೇಳಿದ್ದನ್ನು ಹುಡುಗ ರಷ್ಯಾದ ಬಾತುಕೋಳಿಯಲ್ಲಿ ಗುರುತು ಹಿಡಿದಿದ್ದ. ಯಾರೂ ಹೇಳಿಕೊಡದೆ.

ತೋಳ ಬಂದಾಗ ಅಮ್ಮನೂ ಅಡುಗೆಮನೆಯಿಂದ ಈಚೆ ಬಂದು ದಿವಾನದ ಮೇಲೆ ಕೂತರು. ಅಮ್ಮನ ತವರು ಮೇಲುಕೋಟೆ ಕಡೆ. ಅಲ್ಲಿನ ಗುಡ್ಡಗಳಲ್ಲಿ ತೋಳಗಳಿಗೆಂದೇ ಒಂದು ಅಭಯಾರಣ್ಯ ಇದೆ. "ಸಾಯಂಕಾಲ ಕುರಿ ದೊಡ್ಡಿಗೆ ಸೇರಿಸೋ ಹೊತ್ತಿಗೆ ದೂರದಲ್ಲಿ ನಿಂತು ನೋಡ್ತಿರೋದು. ಓಡ್ತಿರಲಿಲ್ಲ, ಕೂಗ್ತಿರಲಿಲ್ಲ. ಸುಮ್ನೆ ನೋಡೋದು" ಅಂದರು. ಹಾರ್ನ್‌ಗಳ ದನಿ ಕೆಳಗಿನಿಂದ ನಿಧಾನಕ್ಕೆ ಎದ್ದು ಬರುತ್ತಿತ್ತು. ಹೊರಗೆ ಮೋಡದಿಂದ ಕತ್ತಲೆ. ಪುಟ್ಟಿ, ಆರು ವರ್ಷದವಳು, ಅಜ್ಜಿಯ ಸೆರಗು ಹಿಡಿದುಕೊಂಡಳು.

ಬಾತುಕೋಳಿ ಗಾಬರಿಯಾಗಿ ಕೊಳದಿಂದ ಆಚೆ ಹಾರುತ್ತದೆ. ಎಷ್ಟು ಓಡಿದರೂ ತೋಳ ಹತ್ತಿರ, ಇನ್ನೂ ಹತ್ತಿರ. ಆಮೇಲೆ ಗುಳುಂ. ನುಂಗಿಬಿಡುತ್ತದೆ.

ಪುಟ್ಟಿ ಅಳಲಿಲ್ಲ. ಆದರೆ ಮುಂದೆ ಏನು ನಡೆದರೂ ಅವಳಿಗೆ ಬೇಕಾಗಲಿಲ್ಲ. ಹಕ್ಕಿ ತೋಳದ ತಲೆ ಸುತ್ತ ಹಾರಿ ದಾರಿ ತಪ್ಪಿಸಿತು, ಪೀಟರ್ ಮರದ ಮೇಲಿಂದ ಹಗ್ಗ ಬಿಟ್ಟು ಬಾಲಕ್ಕೆ ಕುಣಿಕೆ ಹಾಕಿದ, ಬೇಟೆಗಾರರು ಗುಂಡು ಹಾರಿಸಿದರು. ಆ ಗುಂಡಿನ ಸದ್ದು ಟಿಂಪನಿ ಅನ್ನೋ ದೊಡ್ಡ ನಗಾರಿಯದು. ಹುಡುಗರು ಕುಣಿದಾಡಿದರು. ತೋಳವನ್ನು ಮೆರವಣಿಗೆಯಲ್ಲಿ ಝೂಗೆ ಕರೆದುಕೊಂಡು ಹೋಗುತ್ತಾರೆ ಅಂದಾಗ ಪಕ್ಕದ ಮನೆಯವನು "ನಮ್ಮ ಝೂಗಾ?" ಅಂದ. ಮೈಸೂರಿನ ಮಕ್ಕಳಿಗೆ ಝೂ ಅಂದರೆ ಒಂದೇ ತಾನೇ!

ಪುಟ್ಟಿ ಮಾತ್ರ ಅದೇ ಪ್ರಶ್ನೆ. "ಬಾತುಕೋಳಿ ಎಲ್ಲಿ?"

"ಕೊನೇಲಿ ಸರಿಯಾಗಿ ಕೇಳು" ಅಂದೆ.

ಮೆರವಣಿಗೆಯ ಸದ್ದೆಲ್ಲ ಅಡಗಿದ ಮೇಲೆ ಒಂದೇ ಒಂದು ಓಬೋ, ತುಂಬ ಸಣ್ಣಗೆ, ಅದೇ ಬಾತುಕೋಳಿಯ ರಾಗವನ್ನು ಮತ್ತೆ ನುಡಿಸುತ್ತದೆ. ತೋಳ ಅವಸರದಲ್ಲಿ ಅಗಿಯದೆ ನುಂಗಿತ್ತು, ಬಾತುಕೋಳಿ ಹೊಟ್ಟೆಯೊಳಗೆ ಜೀವಂತ ಇದೆ. ಪುಟ್ಟಿ ಕಣ್ಣು ಅಗಲ ಮಾಡಿದಳು. "ಹಾಗಾದ್ರೆ ಆಚೆ ಯಾರು ತೆಗೀತಾರೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರೊಕೋಫಿಯೆವ್ ಕತೆಯನ್ನು ಅಲ್ಲಿಗೇ ಬಿಟ್ಟಿದ್ದಾನೆ. ಮಕ್ಕಳಿಗಾಗಿ ಬರೆದದ್ದು, ಸುಖವಾಗಿ ಮುಗಿಸಬಹುದಿತ್ತು ಅಂತ ನನಗೆ ಮೊದಲೆಲ್ಲ ಅನ್ನಿಸುತ್ತಿತ್ತು. ಆ ದಿನ ಪುಟ್ಟಿಯ ಮುಖ ನೋಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಉತ್ತರ ಕೊಟ್ಟಿದ್ದು ಅಮ್ಮ. "ನಮ್ಮಲ್ಲೂ ಹೊಟ್ಟೆ ಒಳಗಿಂದ ಆಚೆ ಬರೋ ಕತೆ ಇದೆ ಕಣೇ" ಅಂತ ಶುರು ಮಾಡಿದರು. ಇಲ್ವಲ, ವಾತಾಪಿ ಅಂತ ಅಣ್ಣ ತಮ್ಮ, ಇಬ್ಬರೂ ರಾಕ್ಷಸರು. ವಾತಾಪಿ ಟಗರಾಗುತ್ತಾನೆ. ಇಲ್ವಲ ಅವನನ್ನೇ ಕಡಿದು ಅಡುಗೆ ಮಾಡಿ ಮನೆಗೆ ಬಂದವರಿಗೆ ಬಡಿಸುತ್ತಾನೆ. ಊಟ ಆದ ಮೇಲೆ "ವಾತಾಪಿ, ಈಚೆ ಬಾ" ಅಂತ ಕರೆದರೆ ಸಾಕು, ಹೊಟ್ಟೆ ಸೀಳಿಕೊಂಡು ಬರುತ್ತಾನೆ. ದೊಡ್ಡವನು ಮಧ್ಯೆ ಬಾಯಿ ಹಾಕಿ, "ಇಲ್ವಲ ಅಂದ್ರೆ ಹುಣಸೂರು ರೋಡಲ್ಲಿರೋ ಇಲವಾಲನಾ ಅಜ್ಜಿ?" ಅಂತ ಕೇಳಿದ. ಅಮ್ಮ ನಕ್ಕು ಮುಂದುವರಿಸಿದರು. ಅಗಸ್ತ್ಯರು ಬಂದರು, ಊಟ ಮಾಡಿದರು, ಹೊಟ್ಟೆ ಮೇಲೆ ಕೈಯಾಡಿಸಿ "ವಾತಾಪಿ ಜೀರ್ಣೋ ಭವ" ಅಂದರು. ಇಲ್ವಲ ಎಷ್ಟು ಕೂಗಿದರೂ ವಾತಾಪಿ ಬರಲಿಲ್ಲ.

"ತೋಳಕ್ಕೆ ಆ ಮಂತ್ರ ಬರುತ್ತಾ?" ಪುಟ್ಟಿ ಕೇಳಿದಳು.

"ತೋಳಕ್ಕೆ ಎಲ್ಲಿ ಬರುತ್ತೆ!"

ಅಷ್ಟು ಕೇಳಿ ಅವಳಿಗೆ ಸಮಾಧಾನವಾಯಿತು. ನನಗೋ ಬೇರೇನೋ ನೆನಪಾಯಿತು. ದೊಡ್ಡವನು ಸಂಗೀತಕ್ಕೆ ಹೋಗುತ್ತಾನೆ, 'ವಾತಾಪಿ ಗಣಪತಿಂ ಭಜೇ' ಕಲಿಯುತ್ತಿದ್ದಾನೆ. ಮುತ್ತುಸ್ವಾಮಿ ದೀಕ್ಷಿತರದು, ಹಂಸಧ್ವನಿ ರಾಗ. ಆ ರಾಗ ಕಟ್ಟಿದ್ದು ಅವರ ತಂದೆ ರಾಮಸ್ವಾಮಿ ದೀಕ್ಷಿತರು. ವಾತಾಪಿ ಅಂದರೆ ನಮ್ಮ ಬಾದಾಮಿಯ ಹಳೇ ಹೆಸರು, ಈ ರಾಕ್ಷಸನ ಹೆಸರೇ ಊರಿಗೆ ಬಂತು ಅಂತ ಹೇಳುತ್ತಾರೆ. ಇಷ್ಟು ಹೇಳಿದೆ. ಅವನು ಬಾಯಿ ತೆರೆದು ನೋಡಿದ. "ನಾನು ದಿನಾ ಹಾಡೋ ವಾತಾಪಿ ಇವನೇನಾ?" ಆಮೇಲೆ ಎದ್ದು ಕೂತು ಪಲ್ಲವಿ ಹಾಡಿದ. ಮಳೆಯ ಸದ್ದಿಗೆ ಅರ್ಧ ಕೇಳಿಸಲಿಲ್ಲ. ಆದರೆ ಮನೆಯಲ್ಲಿ ಅವನು ಹೇಳಿಸಿಕೊಳ್ಳದೆ ಹಾಡಿದ್ದು ಅದೇ ಮೊದಲು.

ಮುಂದಿನದು ಗ್ರೀಗ್, ನಾರ್ವೆಯವನು. ಇಬ್ಸೆನ್‌ನ ನಾಟಕಕ್ಕೆ ಬರೆದದ್ದು, 1876ರಲ್ಲಿ ಮೊದಲು ರಂಗಕ್ಕೆ ಬಂತು. ಬೆಟ್ಟದ ರಾಜನ ಆಸ್ಥಾನದಲ್ಲಿ ಗುಮ್ಮಗಳೆಲ್ಲ ಸೇರಿ ಹುಡುಗನೊಬ್ಬನನ್ನು ಅಟ್ಟಿಸಿಕೊಂಡು ಬರುವ ಭಾಗ. ಒಂದೇ ಒಂದು ಸಣ್ಣ ರಾಗ, ಮೊದಲು ಬೆಕ್ಕಿನ ಹೆಜ್ಜೆಯ ಹಾಗೆ ಕೆಳಗಿನ ತಂತಿಗಳಲ್ಲಿ, ಅದೇ ಮತ್ತೆ, ಅದೇ ಮತ್ತೆ, ಪ್ರತಿ ಸಲ ಸ್ವಲ್ಪ ಜೋರು, ಸ್ವಲ್ಪ ವೇಗ. ಅರ್ಧ ಆಗುವ ಹೊತ್ತಿಗೆ ನಾಲ್ವರೂ ದಿವಾನದ ಕೆಳಗೆ ಸೇರಿದ್ದರು. ಕೊನೆಗೆ ಕೂಗಾಟ, ಟೀಪಾಯಿ ಮೇಲಿದ್ದ ಚುರುಮುರಿ ತಟ್ಟೆ ಉರುಳಿ ಮನೆಯೆಲ್ಲ ಚುರುಮುರಿ. "ಸರಳೆ ವರಿಸೆ ಮೂರು ಕಾಲ ಹಾಡಿದ ಹಾಗೆ" ಅಂತ ಕೆಳಗಿನಿಂದ ದೊಡ್ಡವನ ದನಿ ಬಂತು. ಅದೇ ಸ್ವರಗಳನ್ನು ವೇಗ ಹೆಚ್ಚಿಸುತ್ತಾ ಹಾಡುವ ಈ ಮೂರು ಕಾಲದ ಹೆದರಿಕೆ ನನಗೆ ಏಳನೇ ವಯಸ್ಸಿಗೆ ಯಾರಾದರೂ ತೋರಿಸಿದ್ದರೆ!

ಆಮೇಲೆ ಅಮ್ಮನಿಗೆಂದೇ ಒಂದು ಹಾಕಿದೆ. ಹೋಲ್ಸ್ಟ್ ಅನ್ನುವ ಇಂಗ್ಲೆಂಡಿನವನು ಸಂಸ್ಕೃತ ಕಲಿತು, ನಮ್ಮ ಸಾವಿತ್ರಿಯ ಕತೆಗೆ ಒಂದು ಪುಟ್ಟ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಬರೆದ. ಲಂಡನ್ನಿನಲ್ಲಿ 1916ರಲ್ಲಿ ಮೊದಲ ಪ್ರದರ್ಶನ. ಶುರುವಿನಲ್ಲಿ ವಾದ್ಯವೇ ಇಲ್ಲ, ಯಮನ ದನಿ ಮಾತ್ರ ಸಾವಿತ್ರಿಯನ್ನು ಕರೆಯುತ್ತದೆ. ಅಮ್ಮನಿಗೆ ಇಂಗ್ಲಿಷ್ ಹಾಡು ಅರ್ಥವಾಗುವುದಿಲ್ಲ. ಆದರೂ ಆ ಹೆಸರು ಕೇಳಿದ ಕೂಡಲೇ ಕಾಲು ಮಡಿಸಿ ನೆಟ್ಟಗೆ ಕೂತರು. ಮುಗಿಯುವವರೆಗೂ ಮಾತಾಡಲಿಲ್ಲ. "ಯಮ ಹೀಗೇ ಕರೀತಾನೆ ಅಂತ ಕಾಣುತ್ತೆ. ಜೋರಾಗಿ ಅಲ್ಲ" ಅಂದರು. ಮಕ್ಕಳಿಗೆ ಇದು ಹಿಡಿಸಲಿಲ್ಲ, ಚುರುಮುರಿ ಹೆಕ್ಕುತ್ತಿದ್ದರು. ಇರಲಿ. ಎಲ್ಲ ಎಲ್ಲರಿಗೂ ಒಂದೇ ದಿನ ಹಿಡಿಸಬೇಕು ಅಂತ ಏನಿಲ್ಲ ಅಲ್ವಾ.

ಸಂಜೆ ಮಳೆ ನಿಂತಿತು. ಭಾನುವಾರ ಅರಮನೆಗೆ ದೀಪ ಹಾಕುತ್ತಾರೆ. ಎರಡು ಆಟೋ ಮಾಡಿಕೊಂಡು ಹೊರಟೆವು. ಹಾರ್ಡಿಂಜ್ ಸರ್ಕಲ್ಲಿನಲ್ಲಿ ಇಳಿದಾಗ ಜಯಚಾಮರಾಜ ಒಡೆಯರ ಪ್ರತಿಮೆ ಇನ್ನೂ ಒದ್ದೆಯಾಗಿತ್ತು. ಅಲ್ಲಿ ನಿಂತು ಮಕ್ಕಳಿಗೆ ಒಂದು ನಿಜವಾದ ಕತೆ ಹೇಳಿದೆ. ಮೆಟ್ನರ್ ಅಂತ ಒಬ್ಬ ರಷ್ಯಾದ ಸಂಗೀತಗಾರ ಇದ್ದ. ಪಿಯಾನೋಗೆ 30ಕ್ಕೂ ಹೆಚ್ಚು ತುಣುಕು ಬರೆದು ಅವಕ್ಕೆ 'ಕತೆಗಳು' ಅಂತಲೇ ಹೆಸರಿಟ್ಟಿದ್ದ. ಒಂದು ಗುಚ್ಛವನ್ನು ಸಿಂಡ್ರೆಲಾಗೂ ರಷ್ಯಾದ ಜನಪದ ಕತೆಗಳ ದಡ್ಡ ಇವಾನನಿಗೂ ಅರ್ಪಿಸಿದ್ದಾನೆ. ಇನ್ನೊಂದರಲ್ಲಿ ಕಾಡಿನ ಭೂತ ಬರುತ್ತದೆ, ಆದರೆ ಪಾಪದ ಭೂತ. ಅವನಿಗೆ ವಯಸ್ಸಾಯಿತು, ಲಂಡನ್ನಿನಲ್ಲಿ ಕಾಯಿಲೆ, ಅವನ ಸಂಗೀತ ಕೇಳುವವರೂ ಕಡಿಮೆ. ಆಗ ನಮ್ಮ ಈ ಮಹಾರಾಜರು ದುಡ್ಡು ಕೊಟ್ಟು, ಅವನ ಕೈಯಲ್ಲೇ ಅವನ ಸಂಗೀತ ನುಡಿಸಿ ಗ್ರಾಮಫೋನ್ ತಟ್ಟೆ ಮಾಡಿಸಿದರು. ಅವನು ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು, ಅಂದರೆ ಪಿಯಾನೋಗೂ ವಾದ್ಯವೃಂದಕ್ಕೂ ಬರೆದ ದೊಡ್ಡ ರಚನೆಯನ್ನು, ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ತಟ್ಟೆಗಳು ಉಳಿದವು.

"ಇವರೇ ಕನ್ನಡದವರಲ್ವಾ, ಅವರ ಕತೆ ಇವರಿಗ್ಯಾಕೆ?" ಅಂತ ಪಕ್ಕದ ಮನೆಯ ಹುಡುಗಿ ಕೇಳಿದಳು.

"ಇವರೂ ಹಾಡು ಕಟ್ತಿದ್ರು. ದೇವಿ ಮೇಲೆ, ಕರ್ನಾಟಕ ಸಂಗೀತದಲ್ಲಿ. 94 ಕೃತಿ. ಪಿಯಾನೋನೂ ಕಲಿತಿದ್ರು. ಇವರಿಗೆ ಎರಡೂ ಬೇಕಿತ್ತು" ಅಂದೆ. ಅವಳು ಪ್ರತಿಮೆಯನ್ನು ಇನ್ನೊಂದು ಸಲ ನೋಡಿದಳು. ಅಷ್ಟರಲ್ಲಿ ದೀಪ ಹತ್ತಿದವು. ಸುಮಾರು ಲಕ್ಷ ಬಲ್ಬು ಒಂದೇ ಸಲಕ್ಕೆ. ಎಷ್ಟು ಸಲ ನೋಡಿದ್ದರೂ ನಮ್ಮ ಬಾಯಿಂದ "ಓ" ಅಂತ ಬಂದೇ ಬರುತ್ತದೆ.

ಮನೆಗೆ ಬಂದು ಮೊಸರನ್ನ ತಿಂದು ಎಲ್ಲರೂ ಮಲಗುವ ಹೊತ್ತಿಗೆ ಪುಟ್ಟಿ ಸ್ಪೀಕರ್ ತಂದು ನನ್ನ ತೊಡೆಯ ಮೇಲಿಟ್ಟಳು. "ಬಾತುಕೋಳಿದು ಹಾಕು. ಕೊನೆ ಮಾತ್ರ."

ಹಾಕಿದೆ. ಅವಳು ಕೆನ್ನೆಯನ್ನು ಸ್ಪೀಕರ್‌ಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಮೆರವಣಿಗೆ ಹೋಯಿತು. ಓಬೋ ಬಂತು, ಆ ನೆಗಡಿಯ ದನಿ. ಅವಳು ಬಾಯಿಯನ್ನು ಸ್ಪೀಕರಿನ ತೂತುಗಳ ಹತ್ತಿರ ತಂದು, ಯಾರಿಗೂ ಕೇಳಿಸಬಾರದು ಅನ್ನುವಷ್ಟು ಮೆಲ್ಲಗೆ ಕರೆದಳು: "ಬಾತುಕೋಳಿ, ಈಚೆ ಬಾ."

ಆ ಸಂಗೀತದ ಕೊನೆ ಹೇಗಿದೆ ಅಂದರೆ, ಓಬೋ ಮುಗಿದ ಮೇಲೆ ವಾದ್ಯಗಳೆಲ್ಲ ಒಟ್ಟಿಗೆ ಕೆಳಗಿನಿಂದ ಮೇಲಕ್ಕೆ ಉಕ್ಕಿ ಬಂದು ಒಂದೇ ಏಟಿಗೆ ನಿಲ್ಲುತ್ತವೆ.

"ಬಂತು!" ಅಂದಳು ಪುಟ್ಟಿ. ಸ್ಪೀಕರನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು.