ರಟ್ಟಿನ ದೋಣಿ: ತಳಕ್ಕೆ ಕತ್ತರಿ ಬೇಡ

ದೋಣಿ ಒಂದು ಹದಕ್ಕೆ ಬಂದಿದೆ. ನೋಟ್‌ಬುಕ್ ಹಾಳೆಯ ಮಾಮೂಲಿ ದೋಣಿಯನ್ನು ಕೈಬಿಟ್ಟಿದ್ದೇನೆ. ಅದನ್ನು ಮಗುಚಿ ನೋಡಿ: ನಡುವೆ ಗೋಪುರದಂತೆ ನಿಂತ ಭಾಗ ಒಳಗೆ ಟೊಳ್ಳು, ಅದರ ಬಾಯಿ ಇರುವುದು ತಳದಲ್ಲೇ. ನೀರಿಗಿಟ್ಟ ಕೂಡಲೇ ನೆನೆಯಲು ಶುರು. ಮಳೆನೀರಿನ ಕಾಲುವೆಯಲ್ಲಿ ನಾಲ್ಕು ಮನೆ ದಾಟುವುದಕ್ಕೆ ಅದು ಸಾಕು. ನನಗೆ ಬೇಕಿರುವುದು ಬಾಗಲಕೋಟೆಯ ಹಿನ್ನೀರಿನಲ್ಲಿ ದಾರ ಕಟ್ಟಿ ಒಂದಿಡೀ ಸಂಜೆ ತೇಲಿಸಬಹುದಾದ ದೋಣಿ.

ಕಾಗದ ಸಿಕ್ಕಿದ್ದು ನವನಗರದ ಮುದ್ರಣಾಲಯವೊಂದರಲ್ಲಿ. ಮಿಠಾಯಿ ಡಬ್ಬಿಗೆ ಬಳಸುವ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಡ್ಯೂಪ್ಲೆಕ್ಸ್ ಬೋರ್ಡ್, ಒಂದು ಮುಖ ಬಿಳಿ ನುಣುಪು, ಇನ್ನೊಂದು ಬೂದು. ಅಮೀನಗಡದ ಕರದಂಟಿನ ಖಾಲಿ ಡಬ್ಬಿ ಮನೆಯಲ್ಲೇ ಇತ್ತು, ಆದರೆ ಅದರ ಹಳೆಯ ಮಡಿಕೆಗಳು ಬೇಡವಾದ ಕಡೆಯೆಲ್ಲ ಬರುತ್ತವೆ. ಹೊಸ ಹಾಳೆಯೇ ಮೇಲು.

ಮಡಚುವ ಮೊದಲು ಎಳೆಯ ದಿಕ್ಕು, ಅಂದರೆ ರಟ್ಟಿನ ನಾರುಗಳು ಹೆಚ್ಚಾಗಿ ಸಾಲುಗಟ್ಟಿರುವ ದಿಕ್ಕು, ತಿಳಿಯಬೇಕು. ಅದೇ ರಟ್ಟಿನ ಒಂದು ಚೌಕ ತುಂಡಿನ ಒಂದು ಮುಖಕ್ಕೆ ಮಾತ್ರ ನೀರು ಸವರಿದರೆ ಅದು ಸುರುಳಿಯಾಗುತ್ತದೆ. ಸುರುಳಿ ಉದ್ದಕ್ಕೆ ಯಾವ ಕಡೆ ಮಲಗುತ್ತದೆಯೋ ಎಳೆ ಓಡುವುದು ಆ ಕಡೆಗೆ. ದೋಣಿಯ ಉದ್ದ ಅದೇ ದಿಕ್ಕಿಗೆ ಬಂದರೆ ಉದ್ದನೆಯ ಮಡಿಕೆಗಳು ಬಿರಿಯುವುದಿಲ್ಲ, ತಳವೂ ಸುಲಭಕ್ಕೆ ಬಾಗುವುದಿಲ್ಲ.

ಆಕಾರ ಸರಳವಾದದ್ದು. ಎ4 ಅಳತೆಯ ಹಾಳೆ, ಅಂದರೆ 210 × 297 ಮಿ.ಮೀ. ನಾಲ್ಕೂ ಕಡೆ 40 ಮಿ.ಮೀ. ಮೇಲಕ್ಕೆತ್ತಿದರೆ ತಳಕ್ಕೆ 130 × 217 ಉಳಿಯುತ್ತದೆ. ಮೂಲೆಗಳಿಗೆ ಕತ್ತರಿ ತಾಗಿಸುವಂತಿಲ್ಲ. ಅಲ್ಲಿನ ಚೌಕವನ್ನು ಕರ್ಣದ ಮೇಲೆ ಚಿವುಟಿ, ಬರುವ ಕಿವಿಯನ್ನು ಗಿಡ್ಡ ಗೋಡೆಯ ಹೊರಮೈಗೆ ಒತ್ತಿ, ಮೇಲಿನ 10 ಮಿ.ಮೀ. ಅಂಚನ್ನು ಹೊರಕ್ಕೆ ಮಡಚಿದರೆ ಕಿವಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಟೇಪ್ಲರ್ ಪಿನ್ನು ಹೊಡೆಯುವುದಿದ್ದರೆ ಈ ಅಂಚಿಗೆ ಮಾತ್ರ.

ಮಡಿಕೆ ಬರುವ ಕಡೆ ಒತ್ತಿ ಗೀರು ಎಳೆಯಲು ಇಂಕು ಮುಗಿದ ಬಾಲ್‌ಪೆನ್ನು, ಉಕ್ಕಿನ ಅಳತೆಪಟ್ಟಿ. ಡಬ್ಬಿ ಮಾಡುವವರ ಪದ್ಧತಿ ನಮ್ಮ ಅಂದಾಜಿಗೆ ಉಲ್ಟಾ: ಗೀರಿನ ಹಳ್ಳ ಹೊರಮೈಯಲ್ಲಿರಬೇಕು, ಅದರಿಂದ ಎದ್ದ ಏಣು ಮಡಿಕೆಯ ಒಳಗೆ ಬರಬೇಕು. ಹಾಗೆ ಮಡಚಿದರೆ ಬಿಳಿ ಲೇಪ ಕಡಿಮೆ ಬಿರಿಯುತ್ತದೆ.

ಮೇಣ ಕೊನೆಗೆ. ಮೊದಲೇ ಹಚ್ಚಿದರೆ ಮಡಚುವಾಗ ಮೇಣ ಸೀಳುತ್ತದೆ. ಮೇಣದಬತ್ತಿಯನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟ ಡಬ್ಬಿಯಲ್ಲಿ ಕರಗಿಸಿ, ಬ್ರಶ್ಶಿನಿಂದ ಮಡಿಕೆ ಮತ್ತು ಮೂಲೆಗಳಿಗೆ ಎರಡು ಸಲ ಕೊಟ್ಟಿದ್ದೇನೆ. ಇದು ದೊಡ್ಡವರ ಕೆಲಸ.

ಭಾರದ ಲೆಕ್ಕ ನನಗೆ ಎಲ್ಲಕ್ಕಿಂತ ರುಚಿಸಿತು. ಇಡೀ ಹಾಳೆಯ ತೂಕ ಸುಮಾರು 19 ಗ್ರಾಂ. ತಳದ ವಿಸ್ತೀರ್ಣ 282 ಚದರ ಸೆಂ.ಮೀ., ಹಾಗಾಗಿ ಖಾಲಿ ದೋಣಿ ಮುಳುಗುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಆಮೇಲೆ ಪ್ರತಿ 28 ಗ್ರಾಂಗೆ ಇನ್ನೊಂದು ಮಿಲಿಮೀಟರ್. ಹತ್ತು ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಅಂಥ 20 ನಾಣ್ಯ ಹರಡಿದರೆ 6 ಮಿ.ಮೀ. ಆಗಬೇಕು. ಪಕ್ಕದಲ್ಲಿ ಪೆನ್ಸಿಲ್ ಗೆರೆ ಹಾಕಿ ಸಿಂಟೆಕ್ಸ್ ತೊಟ್ಟಿಯಲ್ಲಿ ಬಿಟ್ಟಾಗ ಮೂಲೆಗಳಲ್ಲಿ ನೀರು ಹೆಚ್ಚುಕಡಿಮೆ ಆ ಗೆರೆಗೇ ನಿಂತಿತು. ನಾಣ್ಯಗಳನ್ನು ಎರಡು ತುದಿಗೆ ಸರಿಸಿದರೆ ಮಾತ್ರ ತಳದ ನಡುಭಾಗ ಮೇಲಕ್ಕೆ ಉಬ್ಬುತ್ತದೆ. ಒಂದರ ಮೇಲೊಂದು ಪೇರಿಸಿದರೆ ದೋಣಿ ವಾಲುತ್ತದೆ.

ತೊಟ್ಟಿಯಲ್ಲಿ ಗಾಳಿಯಿಲ್ಲ, ಹಿನ್ನೀರಿನಲ್ಲಿ ಅದರದೇ ಕಾರುಬಾರು. ಆಲಮಟ್ಟಿ ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ತುಂಬಿದಾಗ ಘಟಪ್ರಭೆಯ ಈ ಭಾಗ ಕಣ್ಣಳತೆಗೆ ಸಿಗದಷ್ಟು ಹರಡುತ್ತದೆ. ಖಾಲಿ ದೋಣಿ ಅಲ್ಲಿ ನೀರಿನ ಮೇಲೆ ಜಾರುತ್ತ ಗಿರಗಿರ ತಿರುಗಿತು. ನಾಣ್ಯದ ಭಾರ ಹಾಕಿ, ದಾರವನ್ನು ಹಿಂಭಾಗಕ್ಕೆ ಕಟ್ಟಿದ ಮೇಲೆ ಗಾಳಿ ಹೋಗುವ ಕಡೆಗೇ ಮುಖ ಮಾಡಿ ನಿಂತಿತು. ದಾರ ಗಟ್ಟಿಯಾಗಿರಲಿ; ಮೇಣದ ರಟ್ಟನ್ನು ನದಿಗೆ ಬಿಟ್ಟು ಬರುವುದು ನನಗೆ ಒಪ್ಪಿಗೆಯಿಲ್ಲ.

ತಂಗಿಯ ಮಗನ ತಕರಾರು ಮಾತ್ರ ಉಳಿದಿದೆ: “ಮಾಮಾ, ಇದು ದೋಣಿಯಲ್ಲ, ಡಬ್ಬಿ. ಮೂತಿಯೇ ಇಲ್ಲವಲ್ಲ!” ನ್ಯಾಯವಾದ ಮಾತು. ಮುಂದಿನದಕ್ಕೆ ಎ3 ಹಾಳೆ ತೆಗೆದುಕೊಂಡು ಮುಂಭಾಗದ ಗೋಡೆಗೆ ಮಾತ್ರ 70 ಮಿ.ಮೀ. ಬಿಟ್ಟು, ಅದನ್ನು ಇಳಿಜಾರಾಗಿ ಎತ್ತುವ ಯೋಚನೆಯಿದೆ. ಆಗ ಎರಡು ಮುಂಗಿವಿಗಳು ದೊಡ್ಡದಾಗುತ್ತವೆ. ಅವನ್ನು ಒಳಗೆ ಮಡಚಬೇಕೋ ಹೊರಗೋ ಎಂಬುದನ್ನು ಮೊದಲು ಹಳೆಯ ಕ್ಯಾಲೆಂಡರ್ ಹಾಳೆಯ ಮೇಲೆ ನೋಡುತ್ತೇನೆ.