ನಡಿಗೆಯೊಳಗೆ ಬಚ್ಚಿಟ್ಟ ಕುಣಿತ: ಜೆರೋಮ್ ರಾಬಿನ್ಸ್

1961ರ ‘ವೆಸ್ಟ್ ಸೈಡ್ ಸ್ಟೋರಿ’ ಚಿತ್ರದ ಮೊದಲ ಕುಣಿತವನ್ನು ಧ್ವನಿ ನಿಲ್ಲಿಸಿ ಒಮ್ಮೆ ನೋಡಿ. ಹುಡುಗರು ಚಿಟಿಕೆ ಹೊಡೆಯುತ್ತಾರೆ, ನಡೆಯುತ್ತಾರೆ. ಒಬ್ಬನ ತೋಳು ತುಸು ಅಗಲವಾಗುತ್ತದೆ, ಮತ್ತೆ ನಡಿಗೆ. ಇನ್ನೊಬ್ಬ ಒಂದು ಸುತ್ತು ಹಾಕುತ್ತಾನೆ, ಮತ್ತೆ ನಡಿಗೆ. ಕಾಲು ಪಕ್ಕಕ್ಕೆ ಸೊಂಟದ ಮೇಲೇಳುವ ಹೊತ್ತಿಗೆ, ಬೀದಿಯಲ್ಲಿ ಇವರೇಕೆ ಕುಣಿಯುತ್ತಾರೆ ಎಂದು ಕೇಳುವುದನ್ನೇ ನಾವು ಮರೆತಿರುತ್ತೇವೆ. ಬ್ಯಾಲೆಯಲ್ಲಿ ಸುತ್ತಿಗೆ ಮುಂಚೆ ಮಂಡಿ ಬಾಗಿಸಿ ಸಜ್ಜಾಗುವುದು ಕಣ್ಣಿಗೆ ಬೀಳುತ್ತದೆ. ಈ ಕುಣಿತಗಳನ್ನು ಸಂಯೋಜಿಸಿದ ಜೆರೋಮ್ ರಾಬಿನ್ಸ್ ಆ ಸಿದ್ಧತೆಯನ್ನು ಹೆಜ್ಜೆಯೊಳಗೇ ಬಚ್ಚಿಟ್ಟರು. ಅವರ ಅತಿ ದೊಡ್ಡ ಕಸುಬುಗಾರಿಕೆ ಇದೇ ಎಂದು ನನ್ನ ನಂಬಿಕೆ.

ಇದು ದಿಢೀರನೆ ಬಂದದ್ದಲ್ಲ. 1944ರ ಏಪ್ರಿಲ್‌ನಲ್ಲಿ ಮೂವರು ನಾವಿಕರ ಬ್ಯಾಲೆ ‘ಫ್ಯಾನ್ಸಿ ಫ್ರೀ’. ಡಿಸೆಂಬರ್‌ನಲ್ಲೇ ಅದರಿಂದ ಹುಟ್ಟಿದ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕ ‘ಆನ್ ದ ಟೌನ್’. 1957ರ ‘ವೆಸ್ಟ್ ಸೈಡ್ ಸ್ಟೋರಿ’ ರಂಗನಾಟಕಕ್ಕೆ ಅವರು ವಾಡಿಕೆಯ 4 ವಾರದ ಬದಲು 8 ವಾರ ತಾಲೀಮು ಕೇಳಿ ಪಡೆದರು. ಕಥೆಯಲ್ಲಿ ಎದುರಾಳಿಗಳಾದ ಜೆಟ್ಸ್, ಶಾರ್ಕ್ಸ್ ಎಂಬ ಎರಡು ಬೀದಿ ಗುಂಪಿನ ನಟರು ಒಟ್ಟಿಗೆ ಬೆರೆಯದಂತೆ ನೋಡಿಕೊಂಡರು. ಜೊತೆಗೆ ನೃತ್ಯ ಸಂಯೋಜಿಸಿದ ಪೀಟರ್ ಜೆನ್ನಾರೋ ಅವರ ಹೆಸರನ್ನು ಮರೆಯಬಾರದು: ಶಾರ್ಕ್ಸ್ ಗುಂಪಿನ ಕುಣಿತಗಳಲ್ಲಿ, ಮುಖ್ಯವಾಗಿ ‘ಅಮೆರಿಕಾ’ ಹಾಡಿನಲ್ಲಿ, ಅವರ ಪಾಲು ದೊಡ್ಡದು.

ರಂಗದಿಂದ ಸಿನಿಮಾಕ್ಕೆ ಬಂದಾಗ ಮೊದಲು ಕೈಕೊಡುವುದು ನೆಲ. ಮರದ ಹಾಸು ನೆಗೆತದ ಪೆಟ್ಟನ್ನು ಒಂದಿಷ್ಟು ನುಂಗುತ್ತದೆ. ಡಾಂಬರು ಎಲ್ಲವನ್ನೂ ಮೊಣಕಾಲಿನ ಕೆಳಗಿನ ಮೂಳೆಗೆ ವಾಪಸ್ ಕೊಡುತ್ತದೆ. ಟೇಕುಗಳ ನಡುವೆ ಮೈ ತಣ್ಣಗಾದರಂತೂ ನೋವು ಖಚಿತ. ನ್ಯೂಯಾರ್ಕಿನ ಬೀದಿಗಳಲ್ಲಿ ಆ ನರ್ತಕರು ಪಟ್ಟ ಪಾಡೂ ಇದೇ.

ಎರಡನೆಯದು ಚೌಕಟ್ಟು. ರಂಗದಲ್ಲಿ ಮುಂದಿನ ಸಾಲನ್ನು ಅಗಲಕ್ಕೆ ಹರಡಬಹುದು. ಕ್ಯಾಮೆರಾ ನೋಡುವುದು ಬೀಸಣಿಗೆಯ ಆಕಾರದಲ್ಲಿ, ಲೆನ್ಸಿನ ಹತ್ತಿರ ಕಿರಿದು, ದೂರದಲ್ಲಿ ಅಗಲ. ಹಾಗಾಗಿ ಮುಂದೆ ಒಬ್ಬಿಬ್ಬರು, ಹಿಂದೆ ಹೆಚ್ಚು ಜನ. ಲೆನ್ಸ್ ಕೆಳಗಿಟ್ಟರೆ ನೆಗೆತ ಎತ್ತರ ಕಾಣುತ್ತದೆ, ಮೇಲಿಟ್ಟರೆ ಅದೇ ನೆಗೆತ ನೆಲಕ್ಕಂಟುತ್ತದೆ. ಪಾದ ಚೌಕಟ್ಟಿನ ಹೊರಗುಳಿದರೆ ಹೆಜ್ಜೆಯ ಶ್ರಮವೆಲ್ಲ ವ್ಯರ್ಥ.

ಹೊರಾಂಗಣದಲ್ಲಿ ಹಾಡು ಹಾಕಿ ಕುಣಿಸುವಾಗ ಸ್ಪೀಕರಿನ ಜಾಗವನ್ನೂ ಯೋಚಿಸಬೇಕು. 34 ಮೀಟರ್ ದೂರಕ್ಕೆ ಸದ್ದು ತಲುಪಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಬೀದಿಯ ಆ ತುದಿಯಲ್ಲಿರುವವರು ಕಿವಿಯನ್ನೇ ನಂಬಿದರೆ ತಾಳದಲ್ಲಿ ಹಿಂದೆ ಬೀಳುತ್ತಾರೆ.

ದೃಶ್ಯದ ಜಾಗ ಬದಲಾದರೆ ಕುಣಿತವೂ ಬದಲಾಗುತ್ತದೆ. ರಂಗದಲ್ಲಿ ಎರಡು ಗುಂಪುಗಳ ಕಾಳಗಕ್ಕೆ ಮುಂಚೆ ಬರುತ್ತಿದ್ದ ‘ಕೂಲ್’ ಎಂಬ ಹಾಡಿನ ಕುಣಿತ, ಸಿನಿಮಾದಲ್ಲಿ ಆ ಕಾಳಗದ ಕೊಲೆಗಳ ನಂತರ, ತಗ್ಗು ಮಾಳಿಗೆಯ ಗ್ಯಾರೇಜಿಗೆ ಬಂತು. ಅಲ್ಲಿ ಮೈಗಳು ಕುಗ್ಗಿ ಕುಗ್ಗಿ ಸಿಡಿಯುತ್ತವೆ, ಜಾಗವೇ ಉಸಿರು ಕಟ್ಟಿಸುತ್ತದೆ.

ಚಿತ್ರೀಕರಣ ತಡವಾಗಿ ಖರ್ಚು ಮೀರಿದಾಗ ರಾಬಿನ್ಸ್‌ರನ್ನು ನಡುವೆಯೇ ತೆಗೆದರು. ಅವರು ಕಲಿಸಿಟ್ಟಿದ್ದ ಹೆಜ್ಜೆಗಳನ್ನು ಸಹಾಯಕರು ಕ್ಯಾಮೆರಾ ಮುಂದೆ ಪೂರ್ತಿ ಮಾಡಿದರು. ಮುಂದೆ ಚಿತ್ರದ ಇನ್ನೊಬ್ಬ ನಿರ್ದೇಶಕ ರಾಬರ್ಟ್ ವೈಸ್ ಜೊತೆ ನಿರ್ದೇಶನದ ಆಸ್ಕರ್ ಅವರಿಗೂ ಬಂತು. ಚಲನಚಿತ್ರ ನೃತ್ಯ ಸಂಯೋಜನೆಗೆಂದು ಬೇರೆಯೇ ಗೌರವ ಆಸ್ಕರ್ ಕೂಡ.