ರಾಶಿಯಿಂದ ಬಂದವರು ಮೊದಲು ಬಚ್ಚಲಿಗೆ

ಕಲಬುರಗಿಯಲ್ಲಿ ಏಪ್ರಿಲ್ ಅಂದರೆ ಬಿಸಿಲು. ಇಲ್ಲಿ ಮ್ಯೂನಿಕ್‌ನಲ್ಲಿ ನನಗೆ ಏಪ್ರಿಲ್ ಅಂದರೆ ಸೀನು. ಜರ್ಮನಿಗೆ ಬಂದ ಮೊದಲ ಎರಡು ವರ್ಷ ಏನೂ ಆಗಿರಲಿಲ್ಲ. ಮೂರನೇ ವರ್ಷ ಬೆಳಗ್ಗೆ ಎದ್ದ ಕೂಡಲೇ ಒಂದರ ಹಿಂದೊಂದು ಹತ್ತು ಹನ್ನೆರಡು ಸೀನು. ಕಣ್ಣು ತುರಿಕೆ, ಅಂಗುಳವೂ ತುರಿಕೆ. ಜ್ವರ ಇಲ್ಲ, ಮೂಗಿನಿಂದ ಬರೀ ನೀರು. ಮೂರು ವಾರವಾದರೂ ಬಿಡಲಿಲ್ಲ. ಯಾವುದರ ಅಲರ್ಜಿ ಅಂತ ತಿಳಿಯಲು ಡಾಕ್ಟರು ಮುಂಗೈ ಮೇಲೆ ಬೇರೆ ಬೇರೆ ಪರಾಗದ ರಸದ ಹನಿ ಇಟ್ಟು ಸೂಜಿಯಿಂದ ಚುಚ್ಚಿ ನೋಡಿದರು. ಬರ್ಚ್ ಮರದ ಹನಿ ಇದ್ದಲ್ಲಿ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದಿತು. ಆ ಮರದ ಪರಾಗ ಗಾಳಿಯಲ್ಲಿ ತೇಲಿ ಬರುತ್ತದೆ. ಇಲ್ಲಿನ ಹವಾಮಾನ ಇಲಾಖೆ ಮಳೆಯ ಹಾಗೆ ಪರಾಗದ ಮುನ್ಸೂಚನೆಯನ್ನೂ ಕೊಡುತ್ತದೆ.

ಫೋನಿನಲ್ಲಿ ಅವ್ವ, "ಅಜವಾನ ಹುರಿದು ಅರಿವ್ಯಾಗ ಕಟ್ಟಿ ಮೂಸು, ರಾತ್ರಿ ಅರಿಷಿಣ ಹಾಲು ಕುಡಿ" ಅಂದಳು. ಎರಡನ್ನೂ ಮಾಡಿದೆ. ಅಜವಾನದಿಂದ ಕಟ್ಟಿದ ಮೂಗು ಸ್ವಲ್ಪ ಹೊತ್ತು ಬಿಟ್ಟಂತಾಗುತ್ತದೆ, ಹಾಲಿನಿಂದ ಗಂಟಲಿಗೆ ಹಿತ. ಆದರೆ ಬೆಳಗಿನ ಸೀನು ಹಾಗೇ ಇತ್ತು. ಇಲ್ಲಿಯದೇ ಜೇನುತುಪ್ಪ ತಿನ್ನು ಅಂದವರೂ ಇದ್ದರು. ಜೇನುಹುಳ ಹೋಗುವುದು ಹೂವಿಗೆ, ನನ್ನನ್ನು ಕಾಡುವುದು ಗಾಳಿಯಲ್ಲಿ ಬರುವ ಪರಾಗ. ಹಾಗಾಗಿ ಅದರ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ.

ಒಂದಿನ ಅವ್ವ ಕೇಳಿದಳು, "ಹೊರಗಿಂದ ಬಂದ ಕೂಡ್ಲೇ ಮಾರಿ ತೊಳ್ಕೋತಿ ಇಲ್ಲೋ?"

ಆಗ ಊರಿನ ತೊಗರಿ ರಾಶಿಯ, ಅಂದರೆ ಒಕ್ಕಣೆಯ, ದಿನಗಳು ನೆನಪಾದವು. ಜನವರಿಯಲ್ಲಿ ಅಪ್ಪ ಹೊಲದಿಂದ ಬರುವಾಗ ಮೂಗು ಬಾಯಿಗೆ ಟವೆಲ್ ಸುತ್ತಿರುತ್ತಿತ್ತು, ರೆಪ್ಪೆಯೆಲ್ಲ ಧೂಳಿನಿಂದ ಬೂದಿ ಬಣ್ಣ. ಅವ್ವ ಪಡಸಾಲೆಗೆ ಕಾಲಿಡಲು ಬಿಡುತ್ತಿರಲಿಲ್ಲ. ಅಪ್ಪ ನೇರ ಬಚ್ಚಲಿಗೆ ಹೋಗಬೇಕು. ಅಲ್ಲೇ ಬಟ್ಟೆ ಬಿಚ್ಚಿ, ಹಂಡೆಯ ಬಿಸಿನೀರಲ್ಲಿ ತಲೆಯಿಂದ ಜಳಕ ಮಾಡಿ, ಬೊಗಸೆ ನೀರನ್ನು ಮೂಗಿಗೆ ಎಳೆದು ಸೀಂಟಿ ಬರುತ್ತಿದ್ದ. ನನ್ನ ಡಾಕ್ಟರು ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ ಅಲ್ವಾ ಅನಿಸಿತು.

ಈಗ ಸಂಜೆ ಬಂದ ಮೇಲೆ ಅಂಗಿ ಬಾಗಿಲ ಹತ್ತಿರವೇ ಬಿಚ್ಚುತ್ತೇನೆ, ಮಲಗುವ ಕೋಣೆಗೆ ಒಯ್ಯುವುದಿಲ್ಲ. ಮಲಗುವ ಮುಂಚೆ ತಲೆ ತೊಳೆಯುತ್ತೇನೆ, ಇಲ್ಲದಿದ್ದರೆ ಕೂದಲಿನ ಪರಾಗ ದಿಂಬಿಗೆ ಬರುತ್ತದೆ. ಬಟ್ಟೆ ಹೊರಗೆ ಒಣಹಾಕುವುದಿಲ್ಲ. ದಿನಕ್ಕೊಮ್ಮೆ ಉಪ್ಪುನೀರಲ್ಲಿ ಮೂಗು ತೊಳೆಯುತ್ತೇನೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಇದೊಂದು ಮಾತು ಮಾತ್ರ ಮರೆಯಬೇಡಿ: ನೀರನ್ನು ಕುದಿಸಿ ಆರಿಸಿಯೇ ಬಳಸಿ. ನಲ್ಲಿ ನೀರು, ಬಾವಿ ನೀರು ನೇರವಾಗಿ ಮೂಗಿಗೆ ಹೋಗಬಾರದು. ಅದರಲ್ಲಿ ಅಪಾಯದ ಸೂಕ್ಷ್ಮಜೀವಿಗಳು ಇರಬಹುದು.

ಇಷ್ಟರಿಂದ ಅರ್ಧ ಸೀನು ನಿಂತಿದೆ. ಪರಾಗ ಜಾಸ್ತಿ ಇರುವ ದಿನ ಡಾಕ್ಟರು ಕೊಟ್ಟ ಮಾತ್ರೆಯನ್ನೂ ತಗೊಳ್ಳುತ್ತೇನೆ. ಊರಲ್ಲಿ ಕಾಂಗ್ರೆಸ್ ಹುಲ್ಲು ಹೂ ಬಿಟ್ಟಾಗ ಸೀನುವವರೂ ಹೀಗೆ ತೊಳೆದು ನೋಡಿ. ಎದೆಯಲ್ಲಿ ಸುಯ್ ಅಂತ ಸದ್ದು ಬಂದರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಿ.

ಅವ್ವ ಈಗ ಫೋನು ಎತ್ತಿದ ಕೂಡಲೇ ಊಟ ಆಯ್ತಾ ಅಂತ ಕೇಳುವುದಿಲ್ಲ. "ಜಳಕ ಆತೇನು?" ಅಂತಾಳೆ.